ಲೆಫ್ಟಿನೆಂಟ್ ಕ್ಲಾರಾ ರಜೆಗೆ ಬಂದಾಗ

ಕ್ಲಾರಾ ಅವರನ್ನು ನಾನು ಮೊದಲು ನೋಡಿದ್ದು ೧೯೭೭ರ ಮೇ ತಿಂಗಳಲ್ಲಿ, ಇನ್ನಂಜೆಯಲ್ಲಿ ಬಸ್ಸಿನಿಂದ ಇಳಿಯುವಾಗ. ನೀಲಿ ವಾಯಿಲ್ ಸೀರೆ, ಬಿಗಿದು ಕಟ್ಟಿದ ಕೂದಲು, ಗಂಡಸರು ಕಟ್ಟುವಂಥ ದೊಡ್ಡ ಕೈಗಡಿಯಾರ. ಬಸ್ಸಿನ ಮೇಲಿಂದ ಕಪ್ಪು ಟ್ರಂಕು ಇಳಿಸುತ್ತಿದ್ದ ಕಂಡಕ್ಟರ್ ಅದರ ಮೇಲಿನ ಬಿಳಿ ಅಕ್ಷರ ಓದಿ, "ಲೆಫ್ಟಿನೆಂಟರದ್ದಾ? ಗಂಡ ಬರಲಿಲ್ವಾ ಬಾಯಮ್ಮ?" ಎಂದ.

"ಗಂಡ ಇಲ್ಲ. ಲೆಫ್ಟಿನೆಂಟ್ ನಾನೇ. ಮೆಲ್ಲ ಇಳಿಸಿ ಮಾರಾಯ್ರೆ."

ಪೆರ್ಡೂರಿನಿಂದ ಮೇಷ್ಟ್ರ ಕೆಲಸಕ್ಕೆ ಬಂದಿದ್ದ ನಾನು ಅವರ ತಾಯಿ ಇಮೆಲ್ಡಾ ಬಾಯಿಯ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ನಮ್ಮ ಕುಟುಂಬದಲ್ಲಿ ಡಿಗ್ರಿ ಓದಿದವನು ನಾನೊಬ್ಬನೇ. ಟ್ರಂಕಿನ ಒಂದು ಬದಿ ಹಿಡಿದು ಗದ್ದೆಯ ಬದುವಿನಲ್ಲಿ ಅವರ ಜೊತೆ ನಡೆದೆ.

ಕ್ಲಾರಾ ಸೇನೆಯ ಆಸ್ಪತ್ರೆಯಲ್ಲಿ ನರ್ಸಿಂಗ್ ಅಧಿಕಾರಿ. ಆದರೆ ನೆರೆಮನೆಯ ಸರಸಕ್ಕ, "ಮಿಲಿಟ್ರಿಯಲ್ಲಿ ಹುಡುಗಿಗೆ ಎಂತ ಮರ್ಯಾದೆ? ಎಲ್ಲರೂ ಕೂಗಿ ಕೆಲಸ ಮಾಡಿಸುವವರೇ" ಎಂದು ತಾಯಿಯ ಕಿವಿ ತುಂಬಿದ್ದರು. ರಜೆ ಮುಗಿಯುತ್ತ ಬಂದಾಗ ಇಮೆಲ್ಡಾ ಬಾಯಿ ಹೇಳಿಯೇಬಿಟ್ಟರು: "ಇನ್ನು ನೀನು ಹೋಗುವುದು ಬೇಡ."

ಆ ಭಾನುವಾರ ನಿವೃತ್ತ ಸುಬೇದಾರ್ ದೇಜಪ್ಪನವರು ಕಾಲಿನ ಗಾಯ ತೋರಿಸಲು ಬಂದರು. ಜಗಲಿಯಲ್ಲಿ ಕಾಲು ಚಾಚಿ, "ಸ್ವಲ್ಪ ನೋಡು ಮಗಾ. ನೀನು ಎಲ್ಲಿ ನರ್ಸು?" ಎಂದರು.

"ಅಂಬಾಲಾದ ಮಿಲಿಟರಿ ಆಸ್ಪತ್ರೆಯಲ್ಲಿ. ಲೆಫ್ಟಿನೆಂಟ್."

ದೇಜಪ್ಪನವರು ಗೋಡೆ ಹಿಡಿದು ಎದ್ದರು. ನೋವಿನ ಕಾಲಿನಲ್ಲೇ ನೆಟ್ಟಗೆ ನಿಂತು, "ಜೈ ಹಿಂದ್, ಮೇಡಂ!" ಎಂದರು.

"ಜೈ ಹಿಂದ್, ಸುಬೇದಾರ್ ಸಾಬ್. ಕುಳಿತುಕೊಳ್ಳಿ, ಕಾಲಿಗೆ ಭಾರ ಹಾಕಬೇಡಿ."

ಇಮೆಲ್ಡಾ ಬಾಯಿ ಗಾಬರಿಯಾದರು. "ಅಯ್ಯೋ ದೇವರೇ! ಅಜ್ಜನ ಪ್ರಾಯದವರು ಇವಳಿಗೆ ಎದ್ದು ನಿಲ್ಲುವುದಾ?"

"ಪ್ರಾಯದ ಲೆಕ್ಕ ಅಲ್ಲಿಲ್ಲ ಬಾಯಮ್ಮ. ಇವರು ಆಫೀಸರು, ನನ್ನಂಥವನು ಮೇಡಂ ಎನ್ನಲೇಬೇಕು. ಪಲ್ಟನಿನಲ್ಲಿ 'ಮಗಾ' ಎಂದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು!"

"ಮತ್ತೆ ಇವಳು ನಿಮ್ಮನ್ನು ಸಾಬ್ ಎಂದದ್ದು?"

"ಸುಬೇದಾರನನ್ನು ಕರ್ನಲ್ ಕೂಡ ಸಾಬ್ ಎಂದೇ ಕರೆಯುವುದು. ಅಲ್ಲಿಯ ಕ್ರಮ ಅದು."

ಗಾಯ ತೊಳೆಯುತ್ತಿದ್ದ ಕ್ಲಾರಾ ತಲೆಯೆತ್ತದೆ ತಾಯಿಗೆ ಹೇಳಿದರು: "ಮಾಂಯ್, ವಾರ್ಡಿನಲ್ಲಿ ಜವಾನರಿಗೆ ನಾನು ಸಿಸ್ಟರ್. ನೋವಾದಾಗ ಮೇಡಂ ಎಂದು ಯಾರೂ ಕೂಗುವುದಿಲ್ಲ."

ಇಮೆಲ್ಡಾ ಬಾಯಿ ಮಗಳನ್ನೇ ನೋಡುತ್ತ ನಿಂತರು. ಆಮೇಲೆ ಬೇಲಿಯಾಚೆ ಇದ್ದ ಸರಸಕ್ಕನಿಗೂ ಕೇಳುವಂತೆ ದೊಡ್ಡದಾಗಿ ಹೇಳಿದರು: "ಸುಬೇದಾರರೇ, ಬುಧವಾರ ನಮ್ಮ ಲೆಫ್ಟಿನೆಂಟ್ ಡ್ಯೂಟಿಗೆ ಹೊರಡುತ್ತಾಳೆ. ಅದರೊಳಗೆ ಇನ್ನೊಮ್ಮೆ ಬಂದು ಪಟ್ಟಿ ಬದಲಿಸಿಕೊಳ್ಳಿ."

ಮುಂದೆ ಕ್ಲಾರಾ ಮೇಜರ್ ಆದರು. ಪುಣೆಯ ಸೇನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವಾರ್ಡೊಂದನ್ನು ನೋಡಿಕೊಂಡರು.