‘ನೆಮ್’ ಎಂದು ನಿಂತ ಹಾಡು

ಹಾಡುವಾಗ ಅವರ ಗಂಟಲಿನ ಗಂಟು ಮೇಲೇರಿ ಅಲ್ಲೇ ನಿಂತುಬಿಡುತ್ತಿತ್ತು. ಅದು ಕೆಳಗಿಳಿಯುವಷ್ಟರಲ್ಲಿ ನನ್ನ ಚಹಾ ಆರಿರುತ್ತಿತ್ತು. ನಮ್ಮ ಕಂಪನಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ಈಜಿಪ್ಟಿನವರು. ಗಲ್ಫಿನ ದಾರ್ಸೈಟಿನಲ್ಲಿ, ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಲ್ಲಿ ರಜೆಯ ದಿನವಾದ ಶುಕ್ರವಾರ ಇಗರ್ಜಿ ಮುಗಿಸಿ ನಮ್ಮಲ್ಲೇ ಉಂಡು, ತಮ್ಮ ನಾಡಿನ ಕ್ರೈಸ್ತರ ಹಳೆಯ ಕೋಪ್ಟಿಕ್ ಭಾಷೆಯ ಸ್ತುತಿಗೀತೆಯೊಂದನ್ನು ಹಾಡುತ್ತಿದ್ದರು.

ಅದರ ತುಂಬ ಸಂತರ ಹೆಸರುಗಳು, ನಡುನಡುವೆ ‘ನೆಮ್’ ಎಂಬ ಪುಟ್ಟ ಮಾತು. ಹೆಸರುಗಳನ್ನು ಸರಸರ ದಾಟಿಸಿ, ‘ನೆಮ್’ ಬಂದಾಗ ಮಾತ್ರ ಉಸಿರು ಮುಗಿಯುವವರೆಗೆ ಎಳೆಯುವರು.

“ಎಂಥದು ಮಾರ್ರೆ ಇದು! ಸಂತರೆಲ್ಲ ಓಡುದು, ಇದೊಂದು ಮುಗಿಯುದೇ ಇಲ್ಲ,” ಎಂದಳು ಇಗರ್ಜಿಯಲ್ಲಿ ಹಾಡುತ್ತಿದ್ದ ನನ್ನ ಹೆಂಡತಿ. ನನ್ನ ಹರಕು ಅರಬಿಯಲ್ಲಿ ಅದನ್ನು ತಿಳಿಸಿದೆ. ಅವರು ನಕ್ಕರು.

“ನೆಮ್ ಅಂದರೆ ‘ಜೊತೆಗೆ’, ಮಗಳೇ. ಹೆಸರಿನವರು ಹೋಗಿ ಆಯಿತು, ಖಲಾಸ್. ಜೊತೆಗಿರುವುದು ನಮ್ಮ ಕೆಲಸ. ಅದಕ್ಕೆ ಉಸಿರು ಬೇಕು.”

ಒಂದು ಬೇಸಿಗೆ ಊರಿನಲ್ಲಿ ಅವರ ಹೆಂಡತಿ ಹಾಸಿಗೆ ಹಿಡಿದರು. ಹೊರಡಲು ಪಾಸ್‌ಪೋರ್ಟ್ ಬೇಕು. ಅದು ನಮ್ಮನ್ನೆಲ್ಲ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಕಫೀಲ್‌ನ ತಿಜೋರಿಯಲ್ಲಿ; ಕಫೀಲ್ ಮಳೆ ನೋಡಲು ದೂರದ ಸಲಾಲಾದಲ್ಲಿ. ದಿನಾ ಫೋನ್ ಮಾಡಿದರು. ನಾಳೆ ಬರುತ್ತೇನೆ ಎಂಬುದೊಂದೇ ಉತ್ತರ. ಅವನಿಗಿಂತ ಮೊದಲು ಸಾವಿನ ಸುದ್ದಿ ಬಂತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಸಂಜೆ ನಮ್ಮ ಮನೆಗೆ ಬಂದು ನೆಲದ ಮೇಲೆ ಕುಳಿತರು. ತೀರಿಕೊಂಡವರ ಹೆಸರನ್ನು ಸಂತರ ಕೊನೆಗೆ ಸೇರಿಸಿ ಹಾಡುವುದು ಅವರ ಮನೆಯ ರೂಢಿಯಂತೆ. ಸಂತರೆಲ್ಲ ಮುಗಿದರು. ‘ನೆಮ್’ ಎಂದರು, ಎಳೆದರು, ಉಸಿರು ತೀರಿತು. ಮತ್ತೆ ಉಸಿರೆಳೆದುಕೊಂಡು ಮತ್ತದೇ ‘ನೆಮ್’. ಮುಂದೆ ಹೋಗಲೇ ಇಲ್ಲ. ನೋಡಲಾರದೆ ನನ್ನವಳು, “ಅಂಕಲ್, ಅವರ ಹೆಸರು ನಾನು ಹೇಳ್ಲಾ?” ಎಂದಳು.

ಅವರು ಕೈ ಅಡ್ಡ ಹಿಡಿದರು. “ಬೇಡ ಮಗಳೇ. ಹೇಳಿದರೆ ಖಲಾಸ್.”

ಹಾಡು ಅಲ್ಲಿಗೇ ನಿಂತಿತು. ಆಮೇಲೆ ಅವರು ಊಟಕ್ಕೆ ಬರುತ್ತಿದ್ದರು, ಹಾಡುತ್ತಿರಲಿಲ್ಲ. ನಾವೂ ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ, ನಕ್ಷೆಯ ಮೇಜಿನ ಮುಂದೆ ಕುಳಿತಲ್ಲೇ ಅವರ ಹೃದಯ ನಿಂತಿತು. ಈ ಸಲ ಪಾಸ್‌ಪೋರ್ಟ್ ಮಧ್ಯಾಹ್ನದೊಳಗೆ ಸಿಕ್ಕಿತು. ಪೆಟ್ಟಿಗೆಯನ್ನು ಸೀಬ್ ವಿಮಾನ ನಿಲ್ದಾಣದವರೆಗೆ ತಲುಪಿಸಿ ಬಂದೆವು.

ಅವರ ಬಗ್ಗೆ ಇಷ್ಟೆಲ್ಲ ಬರೆದೆ. ಹೆಸರು ಬರೆಯಲು ಮಾತ್ರ ಕೈ ಬರುತ್ತಿಲ್ಲ.