ಎಷ್ಟಾಗುತ್ತೋ ಅಷ್ಟು

ಗುಂಡ್ಲುಪೇಟೆಯ ಆ ಫಿಸಿಯೋಥೆರಪಿ ಡಾಕ್ಟರಮ್ಮ ಯಾರನ್ನೂ "ನೋವಿದೆಯಾ?" ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಈರುಳ್ಳಿ ಮಂಡಿಯ ಹಮಾಲಿಗಳು "ಏನಿಲ್ಲ ಕಣವ್ವ" ಅನ್ನುತ್ತಾರೆಂದು ಅವರಿಗೆ ಗೊತ್ತಿತ್ತು. ಸ್ಟೂಲಿನ ಮೇಲೆ ಕೂತೇ, ದಣಿದ ದನಿಯಲ್ಲಿ, "ಕೈ ಎತ್ತಿ, ಎಷ್ಟಾಗುತ್ತೋ ಅಷ್ಟು" ಎನ್ನುವರು.

ನನ್ನ ಬಿಗಿದ ಭುಜ ಸಡಿಲಿಸಲು ನಾನು ಅಲ್ಲಿ ಮೂಲೆಯಲ್ಲಿ ರಾಟೆಯ ಹಗ್ಗ ಎಳೆಯುತ್ತಿದ್ದ ದಿನಗಳವು. ಒಬ್ಬ ಹಮಾಲಿ ಬಂದ. ಎತ್ತಿ ಎಂದರೆ ಎತ್ತದೆ ಸುಮ್ಮನೆ ನಕ್ಕ.

"ವಿಭೂತಿ ಹೇಗೆ ಹಚ್ಕೋತೀರಿ, ತೋರಿಸಿ," ಎಂದರು ಡಾಕ್ಟರಮ್ಮ.

ಅವನ ಬಲಗೈ ಎದೆಯ ಮಟ್ಟದಲ್ಲೇ ನಿಂತಿತು. ಹಣೆಯೇ ಬೆರಳಿನವರೆಗೆ ಬಗ್ಗಿತು. ಅವರು ಎದ್ದು ಆ ಭುಜ ಹಿಡಿದರು. "ಈ ಹೆಗಲ ಮೇಲೆ ಇನ್ನು ಮೂಟೆ ಹೊರಬೇಡಿ."

ತಿಂಗಳುಗಟ್ಟಲೆ ತಿರುಗಿಸಿ, ಎಳೆದು, ಆ ಕೈಯನ್ನು ಹಣೆಗೆ ಮುಟ್ಟಿಸಿದರು. ಮಳೆಗಾಲ ಕಳೆದ ಮೇಲೆ ಅವನು ಮತ್ತೆ ಬಂದ. ಹಣೆಯ ಮೇಲೆ ನೆಟ್ಟಗೆ ಮೂರು ಗೆರೆ.

"ನೀವೇಳ್ದಂಗೇ ಮಾಡ್ದೆ ಕಣವ್ವ. ಬಲಗಡೆ ಒಂದ್ ಮೂಟೆನೂ ಮಡಗಿಲ್ಲ. ಎಲ್ಲ ಎಡಕ್ಕೇ ಹಾಕ್ಬುಟ್ಟೆ."

ಅವನ ಎಡಗೈ ಪಕ್ಕೆಗೆ ಅಂಟಿಕೊಂಡಂತಿತ್ತು. ಡಾಕ್ಟರಮ್ಮ ಬೈಯಲಿಲ್ಲ. ಸ್ಟೂಲನ್ನು ಅವನ ಎಡಕ್ಕೆ ಎಳೆದುಕೊಂಡು ಕೂತರು.

"ಕೈ ಎತ್ತಿ," ಎಂದರು, "ಎಷ್ಟಾಗುತ್ತೋ ಅಷ್ಟು."