ಎರಡನೇ ಹಾಳೆ ತಿರುಗಿಸಲಿಲ್ಲ

2022ರಲ್ಲಿ ತಮ್ಮನ ಹೆಸರಿಗೆ ಬಂದ ಒಂದು ಲಕೋಟೆಯನ್ನು ನಾನು ಅವನಿಗೆ ತಲುಪಿಸಲಿಲ್ಲ. ಬಂದೇ ಇಲ್ಲ ಎಂದು ಸುಳ್ಳು ಹೇಳಿದೆ.

ನಾವು ಕೆಜಿಎಫ್‌ನವರು. ನಮ್ಮ ತಂದೆಯ ತಂದೆ ಮೈಕಲ್ ಐರ್ಲೆಂಡಿನಲ್ಲಿ ಹುಟ್ಟಿ, ಚಿನ್ನದ ಗಣಿಯ ಕೆಲಸಕ್ಕೆ ಬಂದು, ಕೋಲಾರದ ಕಡೆಯ ಹೆಣ್ಣನ್ನು ಮದುವೆಯಾಗಿ ಅಲ್ಲೇ ಮಣ್ಣಾದವರು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಈಗ ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ತಮ್ಮ ಅಂತೋಣಿ ಓದಿದವನು, ಕೆಲಸದ ವೀಸಾದ ಮೇಲೆ ಬಂದವನು. ಆ ವರ್ಷ ಅವನು ಶ್ಯಾಂಟಿಲಿ ಬಿಟ್ಟು ಷಾರ್ಲೆಟ್‌ಗೆ ಮನೆ ಬದಲಾಯಿಸುತ್ತಿದ್ದ. ಹೆಂಡತಿ ಅನಿತಾಗೆ ಮೂರು ತಿಂಗಳು. ಅದಕ್ಕೂ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ.

ಒಂದು ದಿನ ಫೋನ್ ಮಾಡಿದ. “ಅಕ್ಕ, ತಾತ ಅಲ್ಲಿ ಹುಟ್ಟಿದ್ದಕ್ಕೆ ನಂಗೆ ಐರ್ಲೆಂಡ್ ಸಿಟಿಜನ್‌ಶಿಪ್ ಸಿಗತ್ತೆ. ಆದ್ರೆ ಮಗು ಹುಟ್ಟೋದ್ರೊಳಗೆ ನನ್ನ ಹೆಸರು ರಿಜಿಸ್ಟರ್ ಆಗ್ಬೇಕು. ಆಮೇಲಾದ್ರೆ ನಂಗೆ ಮಾತ್ರ, ಮಗೂಗಿಲ್ಲ. ಹೆಂಡತಿ ಬಸಿರಿ ಅಂದ್ರೆ ಅರ್ಜಿ ಬೇಗ ನೋಡ್ತಾರಂತೆ. ನಾನು ಮನೆ ಬದಲಾಯಿಸ್ತಿರೋದ್ರಿಂದ, ತಾತನ ಹೆಸರಲ್ಲಿ ಸಿಕ್ಕಿದ ದಾಖಲೆ ಎಲ್ಲ ನಿನ್ನ ಅಡ್ರೆಸ್‌ಗೆ ಕಳ್ಸೋಕೆ ಅಲ್ಲಿಯೋರಿಗೆ ಹೇಳಿದೀನಿ. ಬಂದ ತಕ್ಷಣ ನಂಗೆ ಕಳ್ಸು.”

“ಎರಡೆರಡು ದೇಶಕ್ಕೆ ಟ್ಯಾಕ್ಸ್ ಕಟ್ತೀಯೇನೋ?”

“ಅಯ್ಯೋ ಪೆದ್ದಿ! ಅಲ್ಲಿ ಹೋಗಿ ಇದ್ರೆ, ಇಲ್ಲಾ ಅಲ್ಲಿ ದುಡಿದ್ರೆ ತಾನೆ ಅವ್ರು ಕೇಳೋದು? ಸಿಟಿಜನ್ ಅಂತ ಯಾವ ಮೂಲೇಲಿದ್ರೂ ಬೆನ್ನು ಬೀಳೋರು ಅಮೆರಿಕದವ್ರು. ನಾಳೆ ನನ್ನ ವೀಸಾ ಹೋದ್ರೆ ಮಗೂನೂ ಕರ್ಕೊಂಡು ಹೋಗೋಕೆ ಒಂದು ಜಾಗ ಇರ್ಲಿ ಅಂತ.”

ಲಕೋಟೆ ಬಂದಾಗ ತಡೆಯಲಾರದೆ ಒಡೆದೆ. ಮೇಲಿನ ಹಾಳೆಯಲ್ಲಿ ತಾತನ ಹೆಸರು, ಅವರ ಅಪ್ಪನ ಹೆಸರು, ಊರು. ಕಷ್ಟಪಟ್ಟು ಮುಂದೆ ಓದಿದೆ. ಸಾವು. ವಯಸ್ಸು ಎಂಟು ತಿಂಗಳು.

ಎಂಟು ತಿಂಗಳಿಗೇ ಸತ್ತವನು ತಾತನಾದರೆ, ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಯಾರು?

ಸತ್ತ ಕೂಸಿನ ಕಾಗದ ಬಸಿರಿಯ ಮನೆಗೆ ಹೋಗಬಾರದು ಎನ್ನಿಸಿತು. ಉಳಿದ ಹಾಳೆ ತಿರುಗಿಸುವ ಧೈರ್ಯವಾಗದೆ ಲಕೋಟೆಯನ್ನು ಸೂಟ್‌ಕೇಸಿನ ತಳಕ್ಕೆ ಹಾಕಿದೆ.

ಅನಿತಾಗೆ ಹುಟ್ಟಲಿರುವ ಮಗುವಿಗೆಂದು ನನ್ನ ಮಗಳು ಯಾರದೋ ಹಳೆಯ ಬೇಬಿ ಮಾನಿಟರ್ ಕೊಂಡು ತಂದಿದ್ದಳು. ತೊಟ್ಟಿಲ ಬಳಿ ಒಂದು ಡಬ್ಬಿ ಇಟ್ಟರೆ ಅಳು ತಾಯಿಯ ಬಳಿಯ ಇನ್ನೊಂದು ಡಬ್ಬಿಯಲ್ಲಿ ಕೇಳುತ್ತದೆ. ಒಂದು ಮಧ್ಯಾಹ್ನ ತಾಯಿಯದನ್ನು ಮಾತ್ರ ಹಚ್ಚಿ ನೋಡಿದೆ. ಒಳಗಿನಿಂದ ಕೂಸಿನ ಅಳು ಬಂತು. ಅತ್ತೂ ಅತ್ತೂ ಗಂಟಲು ಕಟ್ಟಿದ ಅಳು. ಯಾರೋ ಬಾಯಿ ಮುಚ್ಚಿದ ಹಾಗೆ ಥಟ್ಟನೆ ನಿಂತಿತು.

“ಪಕ್ಕದ ಮನೇದು ಹಿಡಿಯತ್ತಮ್ಮ, ರೇಡಿಯೋ ತರ,” ಎಂದಳು ಮಗಳು.

ಪಕ್ಕದ ಮನೆಯಲ್ಲಿದ್ದದ್ದು ವಯಸ್ಸಾದ ಗಂಡ ಹೆಂಡತಿ ಮಾತ್ರ.

ಆಮೇಲಂತೂ ತಮ್ಮ “ಬಂತಾ ಅಕ್ಕ?” ಎಂದಾಗಲೆಲ್ಲ “ಇಲ್ವಲ್ಲೋ” ಎಂದೆ. ಕಾದು ಸಾಕಾಗಿ ಅವನು ಮತ್ತೆ ತರಿಸಲು ಹೊರಟ. ಆ ಕಾಗದಗಳು ಕೈಸೇರುವ ಮೊದಲೇ ಹೆರಿಗೆಯಾಯಿತು.

“ಗಂಡು ಮಗು ಅಕ್ಕ! ತಾತನ ಹೆಸರೇ ಇಟ್ವಿ. ಮೈಕಲ್!”

ಫೋನನ್ನು ಮಗಳ ಕೈಗೆ ಕೊಟ್ಟುಬಿಟ್ಟೆ.

ಮಗುವಿಗೆ ಎಂಟು ತಿಂಗಳು ತುಂಬುವ ವಾರ ಷಾರ್ಲೆಟ್‌ಗೆ ಹೋಗಿ ತೊಟ್ಟಿಲು ಬಿಟ್ಟು ಏಳದೆ ಕೂತೆ. ಆರೋಗ್ಯವಾಗಿಯೇ ಇದ್ದ. ಆದರೆ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಹೆಗಲಾಚೆ ದಿಟ್ಟಿಸಿ ನಕ್ಕು, ಎತ್ತಿಕೋ ಎಂಬಂತೆ ಎರಡೂ ಕೈ ಚಾಚಿದ. ತಿರುಗಿದೆ. ಬರೀ ಗೋಡೆ.

ಅಲ್ಲಿಂದೆದ್ದು, ಹೊರಡುವಾಗ ಚೀಲಕ್ಕೆ ಹಾಕಿಕೊಂಡು ಬಂದಿದ್ದ ಲಕೋಟೆಯನ್ನು ತಮ್ಮನ ಕೈಗಿಟ್ಟು ಎಲ್ಲ ಹೇಳಿದೆ. ಅನಿತಾ ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ತಮ್ಮ ಎರಡನೇ ಹಾಳೆ ತಿರುಗಿಸಿ ನನ್ನ ಮುಂದೆ ಹಿಡಿದ. “ಇಲ್ಲಿ ಇಬ್ರು ಇದಾರೆ ಅಕ್ಕ. ಮೊದಲನೇ ಮೈಕಲ್ ತೀರ್ಕೊಂಡ. ಎರಡು ವರ್ಷಕ್ಕೆ ಹುಟ್ಟಿದ ತಮ್ಮಂಗೆ ಅದೇ ಹೆಸರಿಟ್ರು. ಆಗ ಅಲ್ಲಿ ಹಾಗೆ ಇಡ್ತಿದ್ರಂತೆ. ಆ ತಮ್ಮನೇ ನಮ್ಮ ತಾತ.”

ನಾನು ಆ ಎರಡು ಹೆಸರನ್ನೂ ಬೆರಳಿಟ್ಟು ಓದಿದೆ.

“ನಂಗೆ ಸಿಟಿಜನ್‌ಶಿಪ್ ಸಿಕ್ತು, ಮಗೂಗೆ ಇನ್ನು ಈ ದಾರೀಲಿ ಸಿಗಲ್ಲ. ಹೆದರಿಕೆ ಆಯ್ತು ಅಂತಾನಾದ್ರೂ ಹೇಳ್ಬಾರ್ದಿತ್ತಾ? ಬಂದೇ ಇಲ್ಲ ಅಂದ್ಯಲ್ಲ.”

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗಿರುವ ಅನಿತಾಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ: “ತಪ್ಪಾಯ್ತು ಕಣೋ ಅಂತೋಣಿ. ಹೆದರಿದ್ದು ನಿಜ, ಆದ್ರೆ ಸುಳ್ಳು ಹೇಳಿದ್ದು ನಾನೇ. ನಿನ್ನ ಮಗನಿಗೆ ಬರಬೇಕಾದ್ದನ್ನ ತಪ್ಪಿಸಿಬಿಟ್ಟೆ. ನನ್ನನ್ನ ಕ್ಷಮಿಸಿ, ಇಬ್ರೂ.”